ದೊಡ್ಡ ಹೊಳೆಯ ದೋಣಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪಶ್ಚಿಮ ಆಫ್ರಿಕಾದ ದೊಡ್ಡ ನದಿಗಳಲ್ಲಿ ದೋಣಿ ಪಯಣ ಮಾಡುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯ ಊರುಗಳಿಂದಲೇ ಬಂದಿವೆ. ಹೊಳೆ ಕಂಡವರ ಪ್ರಶ್ನೆಗಳಾದ್ದರಿಂದ ಉತ್ತರಗಳನ್ನೂ ಹೊಳೆಯ ಲೆಕ್ಕದಲ್ಲೇ ಕೊಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇವೆ.

ನಾವು ಗಂಡ ಹೆಂಡತಿ ಇಬ್ಬರೂ ನಿವೃತ್ತರು. ಮಾಲಿ ದೇಶದ ಮೋಪ್ತಿಯಿಂದ ಟಿಂಬಕ್ಟುವರೆಗೆ ನೈಜರ್ ನದಿಯಲ್ಲಿ ಮೂರು ದಿನ ದೋಣಿಯಲ್ಲಿ ಹೋಗಬೇಕೆಂಬುದು ಬಹಳ ವರ್ಷದ ಆಸೆ. ಯಾವ ತಿಂಗಳು ಒಳ್ಳೆಯದು?
— ನವನಗರ, ಬಾಗಲಕೋಟೆ

ಈಗ ಯಾವ ತಿಂಗಳೂ ಒಳ್ಳೆಯದಲ್ಲ. ನಿಮ್ಮ ಆಸೆಗೆ ತಣ್ಣೀರು ಎರಚುವುದು ನಮಗೂ ಬೇಜಾರು. ಆದರೂ ಇದನ್ನೇ ಮೊದಲು ಹೇಳಬೇಕು. 2012ರಿಂದ ಮಾಲಿಯ ಉತ್ತರ ಭಾಗ, ಆಮೇಲೆ ನಡುಭಾಗ, ಸಶಸ್ತ್ರ ಗುಂಪುಗಳ ಹಿಡಿತಕ್ಕೆ ಸಿಕ್ಕಿವೆ. 2023ರ ಸೆಪ್ಟೆಂಬರ್ 7ರಂದು ಟಿಂಬಕ್ಟು ಮತ್ತು ಗಾವೊ ನಡುವಿನ ಹರಿವಿನಲ್ಲಿ ಜನ ತುಂಬಿದ ಪ್ರಯಾಣಿಕ ಹಡಗಿನ ಮೇಲೆಯೇ ದಾಳಿಯಾಯಿತು. ಅಂದು ಸತ್ತ ಸಾಮಾನ್ಯ ಜನರೇ 49 ಮಂದಿ ಎಂದು ಅಲ್ಲಿನ ಸರ್ಕಾರ ಹೇಳಿತು. 2025ರ ಜುಲೈನಲ್ಲಿ ದೇಶದ ಪಶ್ಚಿಮದ ಕಾಯೆಸ್ ಭಾಗದ ಕಾರ್ಖಾನೆಯೊಂದರಿಂದ ಮೂವರು ಭಾರತೀಯರನ್ನು ಅಪಹರಿಸಲಾಯಿತು. 'ಕರೆದುಕೊಂಡು ಹೋಗುತ್ತೇನೆ' ಎನ್ನುವವರು ಈಗಲೂ ಸಿಗಬಹುದು, ಮುಂಗಡ ಕೊಡಬೇಡಿ.

ಅದೇ ಪ್ರದೇಶದಲ್ಲಿ ಇನ್ನೆರಡು ನದಿಗಳಿವೆ. ಒಂದು ಗ್ಯಾಂಬಿಯಾ, ಇನ್ನೊಂದು ಸೆನೆಗಲ್. ಮುಂದಿನ ಪ್ರಯಾಣದ ಉತ್ತರಗಳೆಲ್ಲ ಮುಖ್ಯವಾಗಿ ಗ್ಯಾಂಬಿಯಾ ನದಿಯ ಬಗ್ಗೆ ಇವೆ. ಆದರೂ ಅಲ್ಲಿಯ ನೀರಿನ ಲೆಕ್ಕ ತಿಳಿಯಬೇಕಾದರೆ ನೈಜರ್‌ನಿಂದ ಶುರು ಮಾಡುವುದೇ ಸರಿ. ಅದಕ್ಕೆ ಮುಂದಿನ ಪತ್ರವೇ ದಾರಿ ಮಾಡಿಕೊಟ್ಟಿದೆ.

ನೈಜರ್ ನದಿ ಸಮುದ್ರದ ಹತ್ತಿರ ಹುಟ್ಟಿ ಸಮುದ್ರಕ್ಕೆ ಬೆನ್ನು ಹಾಕಿ ಮರುಭೂಮಿಯ ಕಡೆ ಏಕೆ ಹರಿಯುತ್ತದೆ? ಮಳೆಯೇ ಇಲ್ಲದ ಡಿಸೆಂಬರ್‌ನಲ್ಲಿ ಟಿಂಬಕ್ಟುವಿಗೆ ಪ್ರವಾಹ ಬರುತ್ತದೆ ಎಂದು ಓದಿದೆ. ಅದು ಹೇಗೆ?
— ನಿವೃತ್ತ ಭೂಗೋಳ ಶಿಕ್ಷಕರು, ಜಮಖಂಡಿ

ನಿಮ್ಮ ಊರಿನ ಹತ್ತಿರ ಹರಿಯುವ ಕೃಷ್ಣೆಯದೂ ಅದೇ ಕತೆಯಲ್ಲವೇ ಗುರುಗಳೇ? ಮಹಾಬಳೇಶ್ವರದಿಂದ ಅರಬ್ಬಿ ಸಮುದ್ರ ಸುಮಾರು 64 ಕಿ.ಮೀ. ದೂರ. ಕೃಷ್ಣೆ ಅದನ್ನು ಬಿಟ್ಟು 1,400 ಕಿ.ಮೀ. ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ನೈಜರ್ ಗಿನಿ ದೇಶದ ಬೆಟ್ಟಗಳಲ್ಲಿ ಅಟ್ಲಾಂಟಿಕ್‌ನಿಂದ ಸುಮಾರು 240 ಕಿ.ಮೀ. ಒಳಗೆ ಹುಟ್ಟುತ್ತದೆ. ಅಲ್ಲಿಂದ ಈಶಾನ್ಯಕ್ಕೆ ಸಹಾರಾದ ಅಂಚಿನವರೆಗೂ ಹೋಗಿ, ಟಿಂಬಕ್ಟು ದಾಟಿ ಆಗ್ನೇಯಕ್ಕೆ ಹೊರಳಿ, ನೈಜೀರಿಯಾದಲ್ಲಿ ಸಮುದ್ರ ಕಾಣುತ್ತದೆ. ಒಟ್ಟು ಸುಮಾರು 4,180 ಕಿ.ಮೀ. ಹಿಂದೊಮ್ಮೆ ಇವು ಎರಡು ಬೇರೆ ನದಿಗಳಾಗಿದ್ದವು, ಮೇಲಿನದು ಮರುಭೂಮಿಯ ಅಂಚಿನ ತಗ್ಗಿನಲ್ಲಿ ಸೇರಿಹೋಗುತ್ತಿತ್ತು, ಕಾಲಾಂತರದಲ್ಲಿ ಎರಡೂ ಕೂಡಿಕೊಂಡವು ಎಂಬುದು ಭೂವಿಜ್ಞಾನಿಗಳ ವಿವರಣೆ. ಈ ಸೊಟ್ಟ ದಾರಿಯಿಂದಾಗಿ ನದಿ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದೇ ಯುರೋಪಿನವರಿಗೆ ಬಹುಕಾಲ ಗೊತ್ತಿರಲಿಲ್ಲ. 1796ರ ಜುಲೈನಲ್ಲಿ ಸ್ಕಾಟ್ಲೆಂಡಿನ ಅನ್ವೇಷಕ ಮುಂಗೊ ಪಾರ್ಕ್ ಮಾಲಿಯ ಸೆಗೂ ಊರಿನಲ್ಲಿ ಕಣ್ಣಾರೆ ಕಂಡು, ಅದು ಪೂರ್ವಕ್ಕೆ ಹರಿಯುತ್ತದೆ ಎಂದು ದಾಖಲಿಸಿದ. ದಂಡೆಯ ಜನಕ್ಕೆ ಅದು ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ. ಅವರು ಅದನ್ನು 'ಜೋಲಿಬಾ' ಎನ್ನುತ್ತಿದ್ದರು. ಕೆಳಗಿನ ಸೊಂಘಾಯ್ ಜನ 'ಇಸಾ ಬೆರ್' ಎನ್ನುತ್ತಾರೆ, ಅಂದರೆ ದೊಡ್ಡ ಹೊಳೆ.

ಇನ್ನು ಪ್ರವಾಹ. ಬಾಗಲಕೋಟೆಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಆಲಮಟ್ಟಿಗೆ ನೀರು ನುಗ್ಗುವುದನ್ನು ನಾವೆಲ್ಲ ಕಂಡಿದ್ದೇವೆ. ಮಳೆ ಬಿದ್ದದ್ದು ಕೊಯ್ನಾ ಕಡೆ, ನೀರು ಬಂದದ್ದು ನಮ್ಮಲ್ಲಿ. ನೈಜರ್‌ನದೂ ಅದೇ ನ್ಯಾಯ. ಆದರೆ ನಮ್ಮಲ್ಲಿ ದಿನಗಳ ಲೆಕ್ಕ, ಅಲ್ಲಿ ತಿಂಗಳ ಲೆಕ್ಕ. ಗಿನಿ ಬೆಟ್ಟಗಳಲ್ಲಿ ಜೋರು ಮಳೆ ಜುಲೈಯಿಂದ ಸೆಪ್ಟೆಂಬರ್. ಮಾಲಿಯ ರಾಜಧಾನಿ ಬಮಾಕೊ ಹತ್ತಿರ ನೀರು ಏರುವುದು ಸೆಪ್ಟೆಂಬರ್‌ನಲ್ಲಿ, ಮೋಪ್ತಿಯಲ್ಲಿ ಅಕ್ಟೋಬರ್-ನವೆಂಬರ್. ಟಿಂಬಕ್ಟುವಿಗೆ ಬರುವ ಹೊತ್ತಿಗೆ ಡಿಸೆಂಬರ್ ಆಗಿರುತ್ತದೆ. ಇನ್ನೂ ಕೆಳಗೆ, ನೈಜರ್ ದೇಶದ ರಾಜಧಾನಿ ನಿಯಾಮೆಗೆ ಮುಟ್ಟುವುದು ಜನವರಿ-ಫೆಬ್ರುವರಿಯಲ್ಲಿ. ನಡುವೆ ಮಾಲಿಯ ಒಳನಾಡಿನಲ್ಲಿ ಇಳಿಜಾರೇ ಇಲ್ಲದಂಥ ಬಯಲು ಇದೆ. ನೀರು ಅಲ್ಲಿ ನೂರಾರು ಕವಲಾಗಿ, ಕೆರೆಯಾಗಿ, ಜೌಗಾಗಿ ಹರಡಿ ನಿಂತು ನಿಂತು ಸಾಗುತ್ತದೆ. ಬಿಸಿಲಿಗೆ ಆರಿಹೋಗುವ ನೀರೇ ಬಹಳ. ಮಾಲಿಯ ದೊಡ್ಡ ಹಡಗುಗಳು ಬಮಾಕೊದಿಂದ 60 ಕಿ.ಮೀ. ಕೆಳಗಿನ ಕುಲಿಕೊರೊದಿಂದ ಗಾವೊವರೆಗೆ ಆಗಸ್ಟ್-ಡಿಸೆಂಬರ್ ಮಾತ್ರ ಓಡುತ್ತಿದ್ದದ್ದು ಇದೇ ಕಾರಣಕ್ಕೆ. ಯಾವ ನದಿಗೇ ಹೋಗಿ, ಕ್ಯಾಲೆಂಡರಿನಲ್ಲಿ ರಜೆ ಹುಡುಕುವ ಮೊದಲು ನೀರು ಆ ಊರಿಗೆ ಯಾವ ತಿಂಗಳು ಬರುತ್ತದೆ ಎಂದು ಹುಡುಕಿ.

ಗ್ಯಾಂಬಿಯಾ ನದಿಯಲ್ಲಿ ಎಲ್ಲಿಂದ ಎಲ್ಲಿಗೆ ಹೋಗಬಹುದು? ಎಷ್ಟು ದಿನ ಬೇಕು? ದೋಣಿಯವನು 'ಬೆಳಿಗ್ಗೆ ನಾಲ್ಕಕ್ಕೇ ಹೊರಡಬೇಕು' ಎಂದು ಒಂದು ದಿನ, 'ಹತ್ತಕ್ಕೆ ಬನ್ನಿ' ಎಂದು ಇನ್ನೊಂದು ದಿನ ಹೇಳುತ್ತಾನಂತೆ. ಏಕೆ ಹೀಗೆ?
— ಅಥಣಿ ಮತ್ತು ಚಿಕ್ಕೋಡಿಯ ಇಬ್ಬರು ಓದುಗರು

ಗ್ಯಾಂಬಿಯಾ ದೇಶವೆಂದರೆ ಆ ನದಿಯ ಎರಡು ದಂಡೆ, ಅಷ್ಟೇ. ಉದ್ದ ಸುಮಾರು 330 ಕಿ.ಮೀ., ಅಗಲ ಹೆಚ್ಚೆಂದರೆ 50. ನದಿ ಮಾತ್ರ ಗಿನಿಯ ಫೂಟಾ ಜಲ್ಲೊನ್ ಬೆಟ್ಟದಿಂದ ಬಂದು ಒಟ್ಟು 1,120 ಕಿ.ಮೀ. ಹರಿಯುತ್ತದೆ. ಬಾಂಜುಲ್ ರಾಜಧಾನಿಯಿಂದ ಎದುರಿನ ಬಾರ್ರಾಗೆ ದಾಟುವಲ್ಲಿ ಸುಮಾರು ಐದು ಕಿ.ಮೀ. ಅಗಲ. ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ನಿಂತಾಗ ಕಾಣುವ ಹಿನ್ನೀರನ್ನು ನೆನೆಸಿಕೊಳ್ಳಿ. ಆದರೆ ಆ ನೀರು ನಿಂತದ್ದು, ಈ ನೀರು ಎರಡೂ ದಿಕ್ಕಿಗೆ ಓಡುವಂಥದ್ದು.

ದೋಣಿಯವನ ಗಡಿಯಾರದ ಗುಟ್ಟೂ ಅದೇ. ನದಿ ಅಷ್ಟು ಸಮತಟ್ಟಾದ್ದರಿಂದ ಸಮುದ್ರದ ಉಬ್ಬರ ಒಳಗೆ ಬರುತ್ತದೆ. ಸುಮಾರು 300 ಕಿ.ಮೀ. ಮೇಲಿರುವ ಜಂಜನ್‌ಬುರೆಯಲ್ಲೂ ನೀರು ದಿನಕ್ಕೆರಡು ಸಲ ಏರಿಳಿಯುತ್ತದೆ. ಸುಮಾರು ಆರು ಗಂಟೆ ಉಬ್ಬರ, ಆರು ಗಂಟೆ ಇಳಿತ. ಮರುದಿನಕ್ಕೆ ಉಬ್ಬರದ ಹೊತ್ತು ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುತ್ತದೆ. ಅದಕ್ಕೇ ನಾಳೆಯ ಹೊತ್ತು ಇಂದಿನ ಹೊತ್ತಲ್ಲ. ಮೇಲಕ್ಕೆ ಹೋಗುವವರು ಉಬ್ಬರ ಶುರುವಾದ ಕೂಡಲೇ ಹೊರಡಬೇಕು. ಉಬ್ಬರವೂ ಮೇಲಕ್ಕೇ ಸಾಗುತ್ತಿರುವುದರಿಂದ ನಿಮ್ಮ ದೋಣಿ ಅದರ ಬೆನ್ನು ಹಿಡಿದಿರುತ್ತದೆ. ಆರು ಗಂಟೆಗಿಂತ ಹೆಚ್ಚು ಹೊತ್ತು ಅನುಕೂಲದ ನೀರು ಸಿಗುತ್ತದೆ. ಕೆಳಕ್ಕೆ ಬರುವಾಗ ಇದು ತಿರುವುಮುರುವು. ಎದುರಿನಿಂದ ಬರುವ ಮುಂದಿನ ಉಬ್ಬರವನ್ನು ನೀವೇ ಹೋಗಿ ಬೇಗ ಮುಟ್ಟುತ್ತೀರಿ. ಹಾಗಾಗಿ ಇಳಿಪಯಣ ಹಗುರವೆಂದು ದಿನ ಕಡಿಮೆ ಮಾಡಿಕೊಳ್ಳಬೇಡಿ.

ಗಾಳಿಯ ಲೆಕ್ಕವೂ ಇದೆ. ಬಾಂಜುಲ್ ಕಡೆಯ ಅಗಲ ನೀರಿನಲ್ಲಿ ಬೆಳಿಗ್ಗೆ ಶಾಂತ, ಮಧ್ಯಾಹ್ನಕ್ಕೆ ಕಡಲಗಾಳಿ ಏಳುತ್ತದೆ. ನೀರು ಸಮುದ್ರದ ಕಡೆ ಇಳಿಯುತ್ತಿರುವಾಗ ಗಾಳಿ ಎದುರಿನಿಂದ ಬೀಸಿದರೆ ಅಲೆ ಚೂಪಾಗಿ, ಒತ್ತೊತ್ತಾಗಿ ಏಳುತ್ತದೆ. ತಗ್ಗು ಅಂಚಿನ ದೋಣಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಬಾಂಜುಲ್-ಬಾರ್ರಾ ನಡುವೆ ದೊಡ್ಡ ಫೆರ್ರಿಗೆ ಸಾಲು ಹೆಚ್ಚಿದೆ ಎಂದು ಜನ ಸಣ್ಣ ದೋಣಿ ಹತ್ತುತ್ತಾರೆ. ಮಧ್ಯಾಹ್ನದ ಮೇಲೆ ಆ ಕೆಲಸ ಬೇಡ. ಸಾಲಿನಲ್ಲಿ ನಿಲ್ಲಿ.

ಸುಮಾರು ಐದು ದಿನದ ದಾರಿ ಹೀಗಿದೆ. ಬಾಂಜುಲ್‌ನಿಂದ ಮೊದಲ ದಿನ ಅಲ್ಬ್ರೆಡಾ, ಜುಫುರೆ ಮತ್ತು ಕುಂಟಾ ಕಿಂಟೆ ದ್ವೀಪ. ದ್ವೀಪಕ್ಕೆ ಮೊದಲು ಜೇಮ್ಸ್ ದ್ವೀಪ ಎಂಬ ಹೆಸರಿತ್ತು, 2011ರಲ್ಲಿ ಬದಲಾಯಿತು. ಇಲ್ಲಿನ ಕೋಟೆ 1651ರಲ್ಲಿ ಶುರುವಾದದ್ದು. ಗುಲಾಮರನ್ನಾಗಿ ಹಿಡಿದ ಮನುಷ್ಯರನ್ನು ಇಲ್ಲಿಂದ ಹಡಗಿಗೆ ತುಂಬಿದರು. ನೀರಿನ ಕೊರೆತಕ್ಕೆ ಸಿಕ್ಕು ದ್ವೀಪದ ಸಣ್ಣ ಪಾಲಷ್ಟೇ ಉಳಿದಿದೆ. ವಿಜಯಪುರದಲ್ಲಿ, ಸವಣೂರಿನಲ್ಲಿ ನಾವು ನೋಡುವ ಆ ದಪ್ಪ ಕಾಂಡದ ದೊಡ್ಡಹುಣಸೆ ಮರಗಳೇ ಅಲ್ಲಿ ಮುರಿದ ಗೋಡೆಗಳ ನಡುವೆ ನಿಂತಿವೆ. ಅದರ ತವರು ಆಫ್ರಿಕಾ ಎಂಬುದು ಅಲ್ಲಿ ಹೋದಾಗ ಮನಸ್ಸಿಗೆ ನಾಟುತ್ತದೆ. ಎರಡನೇ ದಿನ ತೆಂಡಾಬಾ. ಅಲ್ಲಿಯವರೆಗೂ ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ನೀರು ಉಪ್ಪು. ಮೂರನೇ ದಿನ 2019ರಲ್ಲಿ ತೆರೆದ ಸೆನೆಗ್ಯಾಂಬಿಯಾ ಸೇತುವೆಯ ಕೆಳಗೆ ಹಾಯ್ದು ಮೇಲೆ ಹೋದಂತೆ ಕಾಂಡ್ಲಾ ತೆಳುವಾಗಿ, ತಾಳೆ ಮರ, ಭತ್ತದ ಗದ್ದೆ ಶುರುವಾಗುತ್ತದೆ. ಬೇಸಿಗೆಯಲ್ಲಿ ಉಪ್ಪು ನೀರು 200 ಕಿ.ಮೀ.ಗೂ ಮೇಲೆ ಹತ್ತುತ್ತದೆ, ಮಳೆಗಾಲದಲ್ಲಿ ಕೆಳಗೆ ಸರಿಯುತ್ತದೆ. ನಾಲ್ಕನೇ ದಿನ ಕುಂಟೌರ್. ಹಿಂದೆ ಸಮುದ್ರದ ಹಡಗುಗಳು ಇಲ್ಲಿವರೆಗೂ ಬಂದು ಶೇಂಗಾ ತುಂಬಿಕೊಂಡು ಹೋಗುತ್ತಿದ್ದವು. ಹತ್ತಿರದ ವಾಸ್ಸುವಿನಲ್ಲಿ ಕಲ್ಲಿನ ವರ್ತುಲಗಳಿವೆ. ಐದನೇ ದಿನ ಬಬೂನ್ ದ್ವೀಪಗಳ ಪಕ್ಕದಿಂದ ಜಂಜನ್‌ಬುರೆ. ಬಬೂನ್ ದ್ವೀಪಗಳಲ್ಲಿ 1979ರಿಂದ ಚಿಂಪಾಂಜಿಗಳನ್ನು ಬಿಟ್ಟು ಕಾಪಾಡುತ್ತಿದ್ದಾರೆ. ಅಲ್ಲಿ ಇಳಿಯುವಂತಿಲ್ಲ, ದೋಣಿಯಿಂದಲೇ ನೋಡಬೇಕು.

ನವನಗರದ ದಂಪತಿಗೆ ನಮ್ಮ ಸಲಹೆ: ಐದೂ ದಿನ ನೀರಿನಲ್ಲಿ ಕಳೆಯಬೇಡಿ. ತೆಂಡಾಬಾ ಮತ್ತು ಕುಂಟೌರ್ ನಡುವೆ ಒಂದೇ ತರದ ನೋಟ, ನೆರಳಿಲ್ಲ. ಕೆಳಗೆ ಒಂದು ದಿನ ಕುಂಟಾ ಕಿಂಟೆ ದ್ವೀಪ ನೋಡಿ, ರಸ್ತೆಯಲ್ಲಿ ಜಂಜನ್‌ಬುರೆಗೆ ಹೋಗಿ, ಅಲ್ಲಿಂದ ಕುಂಟೌರ್‌ವರೆಗೆ ಎರಡು ದಿನ ನಿಧಾನ ದೋಣಿ ಮಾಡಿ. ನದಿಯ ಚೆಂದವೆಲ್ಲ ಆ ಭಾಗದಲ್ಲೇ ಇದೆ. ತಿಂಗಳು ನವೆಂಬರ್ ಕೊನೆಯಿಂದ ಫೆಬ್ರುವರಿ. ಏಪ್ರಿಲ್-ಮೇನಲ್ಲಿ ಮೇಲ್ಭಾಗ ವಿಜಯಪುರದ ಬೇಸಿಗೆಯ ಹಾಗೆ 40 ಡಿಗ್ರಿ ದಾಟುತ್ತದೆ. ಡಿಸೆಂಬರ್-ಜನವರಿಯಲ್ಲಿ ಸಹಾರಾದಿಂದ ಹರ್ಮಟಾನ್ ಎಂಬ ಒಣಗಾಳಿ ಧೂಳು ಹೊತ್ತು ಬರುತ್ತದೆ. ಕೆಲವು ದಿನ ಎದುರು ದಂಡೆ ಕಾಣುವುದಿಲ್ಲ. ಅಂಥ ದಿನ ದೋಣಿಯವನು ಹೊರಡುವುದಿಲ್ಲ ಎಂದರೆ ವಾದ ಮಾಡಬೇಡಿ.

ಸೆನೆಗಲ್ ನದಿಯಲ್ಲಿ ಹಡಗು ಇದೆಯಂತೆ, ಹೌದೇ?
— ಗೋಕಾಕ

ಹೌದು. ಬೂ ಎಲ್ ಮೊಗ್ದಾದ್ ಎಂಬ ಹಳೆಯ ಹಡಗು, 1950ರ ದಶಕದಲ್ಲಿ ಹಾಲೆಂಡಿನಲ್ಲಿ ಕಟ್ಟಿದ್ದು. ಸೇಂಟ್ ಲೂಯಿಯಿಂದ ಪೋಡೋರ್ ನಡುವೆ ಚಳಿಗಾಲದ ತಿಂಗಳುಗಳಲ್ಲಿ ಓಡುತ್ತದೆ. ಕೋಣೆ, ಊಟ ಎಲ್ಲ ಅದರಲ್ಲೇ. ದೋಣಿಯಲ್ಲಿ ಕೂರಲು ಆಗದವರಿಗೆ ಇದು ಒಳ್ಳೆಯದು, ಖರ್ಚು ಮಾತ್ರ ಹೆಚ್ಚು. ಸೆನೆಗಲ್ ದೇಶದ ರಾಜಧಾನಿ ಡಕಾರ್‌ನಿಂದ ಸೇಂಟ್ ಲೂಯಿ ರಸ್ತೆಯಲ್ಲಿ ಸುಮಾರು 260 ಕಿ.ಮೀ.

ಅಲ್ಲಿಯ ದೋಣಿ ಹೇಗಿರುತ್ತವೆ? ನಮ್ಮ ಹಿನ್ನೀರಿನಲ್ಲಿ ಹರಿಗೋಲು, ತಗಡಿನ ದೋಣಿ, ಫೈಬರ್ ದೋಣಿ ನೋಡಿದ್ದೇನೆ. ಹತ್ತುವ ಮೊದಲು ಏನು ಪರೀಕ್ಷೆ ಮಾಡಬೇಕು?
— ಮೀನುಗಾರರ ಮಗ, ಕೊಲ್ಹಾರ

ಎರಡು ಹೆಸರು ನೆನಪಿಟ್ಟುಕೊಳ್ಳಿ. ಪಿರೋಗ್ ಎಂದರೆ ಕಿರಿದಾದ ಉದ್ದ ದೋಣಿ. ಪಿನಾಸ್ ಎಂದರೆ ನೈಜರ್‌ನ ದೊಡ್ಡ ಹಲಗೆ ದೋಣಿ. ಅದಕ್ಕೆ ಚಪ್ಪಟೆ ತಳ, ಬಗ್ಗಿಸಿದ ಕೋಲುಗಳ ಮೇಲೆ ಚಾಪೆಯ ಸೂರು. ಸಾಮಾನು ಸಾಗಿಸುವ ಪಿನಾಸ್ 20-30 ಮೀಟರ್ ಉದ್ದವೂ ಇರುತ್ತದೆ. ಅಕ್ಕಿ, ಸಜ್ಜೆ ಚೀಲಗಳ ಜೊತೆಗೆ ಸಹಾರಾದ ತಾವುದೆನ್ನಿ ಗಣಿಯ ಉಪ್ಪಿನ ಚಪ್ಪಡಿಗಳೂ ಬರುತ್ತವೆ. ನೋಡಲು ಶಹಾಬಾದ ಕಲ್ಲಿನ ಫರಶಿಯ ಹಾಗೆ, ಒಂದೊಂದೂ ಮೂವತ್ತು ಕಿಲೋ ಮೇಲೆ. ಒಂಟೆಯ ಬೆನ್ನಿನ ಮೇಲೆ ಟಿಂಬಕ್ಟುವಿಗೆ ಬಂದು ಅಲ್ಲಿಂದ ದೋಣಿ ಹತ್ತುತ್ತವೆ. ನಮ್ಮಲ್ಲಿ ಅಂಬಿಗರಿದ್ದಂತೆ ಅಲ್ಲಿ ಬೊಜೊ ಮತ್ತು ಸೊಮೊನೊ ಜನ ತಲೆಮಾರುಗಳಿಂದ ಹೊಳೆಯ ಕಸುಬಿನವರು. ಮೋಪ್ತಿಯ ಹಳೆಯ ಪಿರೋಗ್‌ಗಳನ್ನು ಎರಡು ಅರ್ಧ ಮಾಡಿ ನಡುವೆ ಹಗ್ಗದಲ್ಲಿ ಹೊಲಿಯುತ್ತಿದ್ದರು. ಉದ್ದ ಮರ ಸಿಗದ ನಾಡಿನಲ್ಲಿ ಅದು ಜಾಣ ಉಪಾಯ.

ಗ್ಯಾಂಬಿಯಾ, ಸೆನೆಗಲ್ ಕಡಲಂಚಿನಲ್ಲಿ ಒಂದೇ ಬೊಡ್ಡೆ ಕೆತ್ತಿದ ತಳ, ಅದರ ಮೇಲೆ ಎರಡೂ ಕಡೆ ಹಲಗೆ ಏರಿಸಿ ಮೊಳೆ ಹೊಡೆದ, ಗಾಢ ಬಣ್ಣದ ದೋಣಿಗಳಿರುತ್ತವೆ. ಮರದ ದೋಣಿ ಸ್ವಲ್ಪ ನೀರು ಜಿನುಗುವುದು ತಪ್ಪಲ್ಲ. ಬೇಸಿಗೆಯಲ್ಲಿ ದಂಡೆಯ ಮೇಲೆ ಒಣಗಿದ ದೋಣಿ ಮೊದಲ ದಿನ ಹೆಚ್ಚು ಸೋರುತ್ತದೆ, ಹಲಗೆ ನೆನೆದು ಉಬ್ಬಿದ ಮೇಲೆ ಕಡಿಮೆಯಾಗುತ್ತದೆ. ಎಷ್ಟು ಸೋರುತ್ತದೆ ಎಂಬುದನ್ನು ಅಳೆಯಬೇಕು. ಹೀಗೆ ಮಾಡಿ: ತಳದ ನೀರನ್ನೆಲ್ಲ ತೋಡಿ ಹಾಕಿಸಿ, ಹತ್ತು ನಿಮಿಷ ಕಾಯಿರಿ, ಸಾಮಾನು ಹೇರುವ ಮೊದಲೇ. ತಳದ ಅಡ್ಡಪಟ್ಟಿಗಳ ನಡುವೆ ತೇವ ಕಂಡರೆ ಸರಿ. ಪಾದದ ಬೆರಳು ಮುಳುಗುವಷ್ಟು ನಿಂತರೆ ಬೇರೆ ದೋಣಿ ನೋಡಿ.

ಆಮೇಲೆ ಅಂಚು. ಎಲ್ಲರೂ ಕೂತು ಸಾಮಾನು ಏರಿದ ಮೇಲೆ ನಡುಭಾಗದ ಅಂಚು ನೀರಿನಿಂದ ಎಷ್ಟು ಮೇಲಿದೆ? ಜಂಜನ್‌ಬುರೆಯ ಶಾಂತ ನೀರಿಗೆ ಎರಡು ಗೇಣು ಸಾಕು. ಬಾಂಜುಲ್ ಕಡೆಯ ಅಗಲ ನೀರಿಗೆ ಒಂದೂವರೆ ಮೊಳಕ್ಕಿಂತ ಕಡಿಮೆಯಿದ್ದರೆ ಇಳಿದುಬಿಡಿ. ಭಾರ ಯಾವಾಗಲೂ ತಳದಲ್ಲಿ, ನಡುವಿನಲ್ಲಿ ಇರಲಿ. ಸೂರಿನ ಮೇಲೆ ಜನ ಕೂತ ದೋಣಿ ಬೇಡ. ದೋಣಿ ಮಗುಚುವುದು ಬಹುಮಟ್ಟಿಗೆ ನೀರು ಸೋರಿ ಅಲ್ಲ. ಮೇಲೆ ಭಾರವಿರುವಾಗ ಎಲ್ಲರೂ ಒಂದೇ ಕಡೆಗೆ ಎದ್ದು ನಿಂತು ಮಗುಚುತ್ತದೆ. ಹಿಪ್ಪೊ ಕಂಡಿತೆಂದು ಫೋಟೊ ತೆಗೆಯಲು ಏಳುವವರಿಗೆ ಇದು ವಿಶೇಷ ಸೂಚನೆ.

ಲೈಫ್ ಜಾಕೆಟ್ ಮನೆಯಿಂದಲೇ ಒಯ್ಯಿರಿ. ತೊಟ್ಟು, ಪಟ್ಟಿ ಬಿಗಿದು, ಯಾರಿಗಾದರೂ ಎರಡೂ ಭುಜ ಹಿಡಿದು ಮೇಲೆತ್ತಲು ಹೇಳಿ. ಜಾಕೆಟ್ ಕಿವಿಯವರೆಗೆ ಬಂದರೆ ಅಳತೆ ದೊಡ್ಡದು. ನೀರಿನಲ್ಲಿ ಅದು ಕಳಚಿಕೊಳ್ಳುತ್ತದೆ.

ನಡು ಹೊಳಿಯಾಗ ಇಂಜಿನ್ ಕೈಕೊಟ್ರ ಏನ್ ಮಾಡ್ತಾರ್ರಿ? ಔಟ್‌ಬೋರ್ಡ್ ಇಂಜಿನ್‌ದಾಗ ಏನೇನ್ ಕೆಡ್ತಾವು?
— ಟ್ರ್ಯಾಕ್ಟರ್ ಮೆಕ್ಯಾನಿಕ್, ಮುಧೋಳ

ನಿಮಗೆ ಗೊತ್ತಿರುವ ಇಂಜಿನ್ನೇ, ದೋಣಿಯ ಹಿಂತುದಿಗೆ ಹೊರಗಿನಿಂದ ಸಿಕ್ಕಿಸಿಕೊಂಡು ನೀರಿಗೆ ಕಾಲು ಬಿಟ್ಟಿರುತ್ತದೆ. ಅಲ್ಲಿ ಹೆಚ್ಚಾಗಿ 15ರಿಂದ 40 ಎಚ್‌ಪಿಯ ಎರಡು-ಸ್ಟ್ರೋಕ್ ಯಂತ್ರಗಳು. ಪೆಟ್ರೋಲಿಗೆ ಎಣ್ಣೆ ಬೆರೆಸುವುದು ಸಾಮಾನ್ಯವಾಗಿ 50ಕ್ಕೆ 1, ಅಂದರೆ 25 ಲೀಟರ್ ಕ್ಯಾನಿಗೆ ಅರ್ಧ ಲೀಟರ್. 40 ಎಚ್‌ಪಿ ಯಂತ್ರ ಪೂರ್ತಿ ವೇಗದಲ್ಲಿ ಗಂಟೆಗೆ 15-20 ಲೀಟರ್ ಕುಡಿಯುತ್ತದೆ. ಅರ್ಧಕ್ಕೆ ಇಳಿಸಿದರೆ ಖರ್ಚು ಅರ್ಧಕ್ಕಿಂತ ಕೆಳಗೆ ಬರುತ್ತದೆ. ಹೋಗಲು ಒಂದು ಪಾಲು, ಬರಲು ಒಂದು ಪಾಲು, ಕೈಯಲ್ಲಿ ಒಂದು ಪಾಲು. ಇಂಧನದ ಲೆಕ್ಕ ಇದು. ಮೇಲ್ಭಾಗದ ಊರುಗಳಲ್ಲಿ ಬಂಕ್ ದೂರ.

ಕೆಡುವುದು ಮೂರು ಕಡೆ. ಮೊದಲನೆಯದು ಕೊಳಕು ಪೆಟ್ರೋಲ್. ಕ್ಯಾನಿನ ತಳದಲ್ಲಿ ನೀರು, ಮಣ್ಣು ಕೂತಿರುತ್ತದೆ. ತುಂಬುವಾಗ ಜಾಳಿಗೆ ಇರುವ ಕೊಳವೆ ಬೇಕು, ಕ್ಯಾನಿನ ಕೊನೆಯ ಎರಡು ಬೆರಳು ಸುರಿಯಬಾರದು.

ಎರಡನೆಯದು ತಂಪು ನೀರು. ಇಂಜಿನ್ ಹೊಳೆಯ ನೀರನ್ನೇ ಹೀರಿ ತಣ್ಣಗಾಗುತ್ತದೆ. ಹಿಂದಿನಿಂದ ಬೆರಳು ಗಾತ್ರಕ್ಕಿಂತ ಸಣ್ಣ ನೀರಿನ ಚಿಲುಮೆಯೊಂದು ಚಿಮ್ಮುತ್ತಿರುತ್ತದೆ, ನೋಡಿ. ಅದು ಸಣ್ಣಗಾದರೆ ಅಥವಾ ನಿಂತರೆ ಒಳಗಿನ ರಬ್ಬರ್ ರೆಕ್ಕೆಯ ಪಂಪಿಗೆ ಮರಳು ಇಲ್ಲವೇ ಪ್ಲಾಸ್ಟಿಕ್ ಸಿಕ್ಕಿದೆ ಎಂದರ್ಥ. ಕೂಡಲೇ ಇಂಜಿನ್ ನಿಲ್ಲಿಸಬೇಕು. 'ದಂಡೆ ಮುಟ್ಟಲಿ, ಆಮೇಲೆ ನೋಡೋಣ' ಎಂದು ಐದು ನಿಮಿಷ ಓಡಿಸಿದರೆ ಪಿಸ್ಟನ್ ಜಾಮ್. ದೋಣಿಯವನು ಮುಂದೆ ನೋಡುತ್ತಿರುತ್ತಾನೆ, ಹಿಂದೆ ಕೂತ ಪ್ರಯಾಣಿಕರು ಆ ಚಿಲುಮೆಯ ಮೇಲೆ ಕಣ್ಣಿಟ್ಟರೆ ದೊಡ್ಡ ಉಪಕಾರ.

ಮೂರನೆಯದು ಪ್ರೊಪೆಲ್ಲರ್. ನಿಮ್ಮ ರೋಟಾವೇಟರ್‌ಗೆ ಷಿಯರ್ ಬೋಲ್ಟ್ ಇರುವ ಹಾಗೆ ಸಣ್ಣ ಔಟ್‌ಬೋರ್ಡ್‌ಗಳಲ್ಲಿ ಪ್ರೊಪೆಲ್ಲರಿಗೆ ಷಿಯರ್ ಪಿನ್ ಇರುತ್ತದೆ. ಮರಳ ದಿಬ್ಬಕ್ಕೋ ಬೊಡ್ಡೆಗೋ ಬಡಿದಾಗ ಅದು ತುಂಡಾಗಿ ಗೇರ್ ಉಳಿಸುತ್ತದೆ. ಲಕ್ಷಣ ಹೀಗೆ: ಇಂಜಿನ್ ಕಿರುಚುತ್ತದೆ, ದೋಣಿ ಕದಲುವುದಿಲ್ಲ. ಪಿನ್ ಬದಲಿಗೆ ಮೊಳೆ ಹಾಕುವ ಚಟ ಅಲ್ಲೂ ಇದೆ. ಮೊಳೆ ತುಂಡಾಗುವುದಿಲ್ಲ, ಮುಂದಿನ ಬಡಿತಕ್ಕೆ ಗೇರ್ ಹೋಗುತ್ತದೆ. ಬಲೆ ಸುತ್ತಿಕೊಂಡರೆ ಇಂಜಿನ್ ನಿಲ್ಲಿಸಿ, ಮೇಲೆತ್ತಿ, ತಿರುಗಿದ ದಿಕ್ಕಿಗೆ ಎದುರಾಗಿ ಬಿಡಿಸಬೇಕು. ಕೊಯ್ದರೆ ಮೀನುಗಾರನಿಗೆ ಪರಿಹಾರ ಕೊಡಬೇಕು, ಅದು ನ್ಯಾಯ.

ದೋಣಿಯಲ್ಲಿ ಇರಬೇಕಾದವು: ಎರಡು ಸ್ಪಾರ್ಕ್ ಪ್ಲಗ್, ಆರು ಪಿನ್, ಪ್ಲಗ್ ಪಾನಾ, ಪಕ್ಕಡ, ಒಂದು ಎಳೆಯುವ ಹಗ್ಗ, ಇಂಧನ ಪೈಪು, ಎರಡು ಹುಟ್ಟು, ಒಂದು ಉದ್ದ ಗಳ, ಲಂಗರು. ಪಾನಾ, ಪಕ್ಕಡಕ್ಕೆ ದಾರ ಕಟ್ಟಿ ದೋಣಿಗೆ ಬಿಗಿದಿರಬೇಕು. ಇಂಜಿನ್ ನಿಂತಾಗ ಮೊದಲ ಕೆಲಸ ದುರಸ್ತಿಯಲ್ಲ, ಲಂಗರು. ಸೆಳವಿಗೆ ಸಿಕ್ಕ ದೋಣಿಯಲ್ಲಿ ಕೂತು ಪ್ಲಗ್ ಬಿಚ್ಚುವುದು ಬುದ್ಧಿವಂತಿಕೆಯಲ್ಲ.

ದೋಣಿ ದಿಬ್ಬಕ್ಕೆ ಹತ್ತಿದರೆ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಏರುತ್ತಿದ್ದರೆ ಸುಮ್ಮನೆ ಕೂಡಿ, ಅದೇ ಎತ್ತುತ್ತದೆ. ಇಳಿಯುತ್ತಿದ್ದರೆ ಇಂಜಿನ್ ಮೇಲೆತ್ತಿ, ಎಲ್ಲರೂ ಸಿಕ್ಕಿಕೊಳ್ಳದ ತುದಿಗೆ ಸರಿದು, ಗಳ ಊರಿ ಬಂದ ದಾರಿಗೇ ಹಿಂದಕ್ಕೆ ತಳ್ಳಬೇಕು. ಎರಡು ನಿಮಿಷ ತಡವಾದರೆ ಮುಂದಿನ ಉಬ್ಬರದವರೆಗೆ ಅಲ್ಲೇ.

ಹಿಪ್ಪೊ, ಮೊಸಳೆ ಇರುತ್ತವೆಯೇ? ಈಜಬಹುದೇ?
— ಹುನಗುಂದ

ಇರುತ್ತವೆ, ಈಜಬಾರದು. ಹಿಪ್ಪೊ ಇರುವುದು ಮೇಲ್ಭಾಗದ ಸಿಹಿನೀರಿನ ದ್ವೀಪಗಳ ಸುತ್ತ. ಹೆದರಿದ ಹಿಪ್ಪೊ ಆಳ ನೀರಿಗೆ ಓಡುತ್ತದೆ. ದಂಡೆಯ ಹಿಪ್ಪೊಗೂ ಆಳ ನೀರಿಗೂ ನಡುವೆ ದೋಣಿ ನಿಲ್ಲಬಾರದು. ಮಸುಕು ಹೊತ್ತಿನಲ್ಲಿ ಅವು ಮೇಯಲು ದಂಡೆ ಹತ್ತುತ್ತವೆ, ಆಗ ನೀರಿನ ಅಂಚಿಗೆ ಹೋಗಬೇಡಿ. ಈಜಬಾರದು ಎನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಮುಂದಿನ ಉತ್ತರದಲ್ಲಿದೆ.

ಯಾವ ಲಸಿಕೆ, ಯಾವ ಮಾತ್ರೆ? ನೀರು ಎಷ್ಟು ಒಯ್ಯಬೇಕು?
— ಬೆಳಗಾವಿಯ ಗೃಹಿಣಿ

ಹಳದಿ ಜ್ವರದ ಲಸಿಕೆ ಕಡ್ಡಾಯವೆಂದೇ ತಿಳಿಯಿರಿ. ಅಲ್ಲಿ ಇಳಿಯುವಾಗ ಕೇಳಲಿ ಬಿಡಲಿ, ಆ ದೇಶಗಳಿಂದ ಮರಳುವವರನ್ನು ಭಾರತದಲ್ಲಿ ಕೇಳುತ್ತಾರೆ. ಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ಮೇಲಷ್ಟೇ ಪತ್ರ ಊರ್ಜಿತ. ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಹೆಸರು ನೋಂದಾಯಿಸಬೇಕು, ಒಂದೆರಡು ತಿಂಗಳು ಮೊದಲೇ ಕೆಲಸ ಹಿಡಿಯಿರಿ. 60 ದಾಟಿದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು.

ಮಲೇರಿಯಾ ಅಲ್ಲಿ ನಮ್ಮದಕ್ಕಿಂತ ಕ್ರೂರ ಜಾತಿಯದು. ತಡೆ ಮಾತ್ರೆ ಬೇಕೇ ಬೇಕು. ಡಾಕ್ಸಿಸೈಕ್ಲಿನ್ ಆದರೆ ಮರಳಿದ ಮೇಲೂ ನಾಲ್ಕು ವಾರ, ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಏಳು ದಿನ ಮುಂದುವರಿಸಬೇಕು. ಜನ ತಪ್ಪುವುದು ಇಲ್ಲೇ. ಮನೆಗೆ ಬಂದೆವೆಂದು ಬಿಟ್ಟುಬಿಡುತ್ತಾರೆ. ಯಾವುದು ನಿಮಗೆ ಹೊಂದುತ್ತದೆ ಎಂಬುದನ್ನು ವೈದ್ಯರು ಹೇಳಲಿ.

ಬಿಲ್ಹಾರ್ಜಿಯಾ ನಮ್ಮ ಕಡೆ ಕೇಳದ ರೋಗ. ಸಿಹಿನೀರಿನ ಬಸವನಹುಳದಿಂದ ಹೊರಬಿದ್ದ ಸೂಕ್ಷ್ಮ ಹುಳು ಚರ್ಮ ಕೊರೆದು ಒಳಗೆ ಹೋಗುತ್ತದೆ, ಕೆಲವೇ ನಿಮಿಷ ಸಾಕು. ಕುಡಿಯಬೇಕಾಗಿಲ್ಲ, ಮೊಳಕಾಲುದ್ದ ನೀರಿಗೆ ಇಳಿದರೂ ಆಯಿತು. ಹುಲ್ಲು ಬೆಳೆದ ನಿಂತ ನೀರು ಹೆಚ್ಚು ಅಪಾಯ. ಸೆನೆಗಲ್ ನದಿಗೆ 1986ರಲ್ಲಿ ಡಿಯಾಮಾ ಅಣೆಕಟ್ಟೆ ಬಂದು ಉಪ್ಪು ನೀರು ತಡೆದ ಮೇಲೆ ಹುಳಕ್ಕೆ ಅನುಕೂಲವಾಯಿತು. 1988ರಲ್ಲಿ ರಿಷಾರ್-ತೋಲ್ ಊರಿನಲ್ಲಿ ರೋಗ ಕಾಣಿಸಿ ಹಬ್ಬಿತು. ಗದ್ದೆಗೆ ನೀರು ಕೊಟ್ಟ ಕಟ್ಟೆಯೇ ಇದಕ್ಕೂ ದಾರಿಯಾಯಿತು. ಹೊಳೆಯ ನೀರಲ್ಲಿ ಸ್ನಾನ ಮಾಡಲೇಬೇಕಾದರೆ ಕುದಿಸಿ, ಇಲ್ಲವೇ ಎರಡು ದಿನ ಮುಚ್ಚಿಟ್ಟು ಬಳಸಿ. ನೀರಿಗೆ ಇಳಿದಿದ್ದರೆ ಮರಳಿ ಎರಡು-ಮೂರು ತಿಂಗಳಿಗೆ ತಪಾಸಣೆ ಮಾಡಿಸಿ, ವೈದ್ಯರಿಗೆ ಯಾವ ದೇಶಕ್ಕೆ ಹೋಗಿದ್ದಿರೆಂದು ತಪ್ಪದೆ ಹೇಳಿ. ಔಷಧ ಇದೆ, ಅನುಮಾನ ಬಂದರೆ ಮಾತ್ರ ಕೊಡುತ್ತಾರೆ.

ಕುಡಿಯಲು ತಲೆಗೆ ದಿನಕ್ಕೆ ನಾಲ್ಕು ಲೀಟರ್, ಅಡುಗೆಗೆ ಬೇರೆ. ಒಂದು ದಿನದ್ದು ಹೆಚ್ಚು ಇರಲಿ.

ನಾವು ಶುದ್ಧ ಸಸ್ಯಾಹಾರಿಗಳು. ಹಸಿವಿನಿಂದ ಬರಬೇಕಾದೀತೇ?
— ವಿಜಯಪುರ

ಇಲ್ಲ, ಆದರೆ ಅನ್ನದ ಮೇಲೆ ಸುರಿಯುವ ಸಾರು ಕೇಳಿ ಉಣ್ಣಿ. ಕಣ್ಣಿಗೆ ಕಾಣದಿದ್ದರೂ ಒಣಮೀನಿನ ಚೂರು, ಮಾಂಸದ ರುಚಿಯ ಕ್ಯೂಬ್ ಹಾಕಿರುತ್ತಾರೆ. 'ಮಾಂಸ ಇಲ್ಲ' ಎಂದರೆ ಮೀನು ಬರುತ್ತದೆ. ಮಾಂಸ, ಮೀನು, ಕ್ಯೂಬ್ ಮೂರನ್ನೂ ಹೆಸರಿಸಿ ಬೇಡವೆನ್ನಿ. ಗ್ಯಾಂಬಿಯಾದಲ್ಲಿ ಇಂಗ್ಲಿಷ್ ನಡೆಯುತ್ತದೆ. ದೊಮೊಡಾ ಎಂಬ ಶೇಂಗಾ ಗೊಜ್ಜನ್ನು ತರಕಾರಿಯಲ್ಲಿ ಮಾಡಿಸಿಕೊಂಡರೆ ನಮ್ಮ ನಾಲಿಗೆಗೆ ಬಹಳ ಹತ್ತಿರ. ಸಜ್ಜೆಯನ್ನು ಹಿಟ್ಟು ಮಾಡಿ, ಕಾಳಿನಂತೆ ಉದುರಿಸಿ, ಹಬೆಯಲ್ಲಿ ಬೇಯಿಸಿದ್ದು ಚೆರೆ. ಸಜ್ಜೆ ರೊಟ್ಟಿ ಉಂಡವರಿಗೆ ಹೊಸದೆನಿಸದು. ಉದ್ದನೆಯ ಗಟ್ಟಿ ಬ್ರೆಡ್ ಎಲ್ಲ ಊರಲ್ಲೂ ಸಿಗುತ್ತದೆ.

ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಚ್ಚಿದ ಅವಲಕ್ಕಿ ಒಯ್ಯಿರಿ. ಕಡಲ ಹತ್ತಿರದ ತೇವಕ್ಕೆ ಕಡಕ್ ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟು, ದಿನದ್ದಷ್ಟೇ ತೆಗೆಯಿರಿ. ಹಿಂಡಿಗೆ ಹಸಿ ಬೆಳ್ಳುಳ್ಳಿ ಹಾಕಬೇಡಿ, ಹುರಿದು ಹಾಕಿ.

ದೋಣಿಯಲ್ಲಿ ಶೌಚಕ್ಕೆ ಏನು ವ್ಯವಸ್ಥೆ? ಸೀರೆ ಉಟ್ಟು ಹೋಗಬಹುದೇ? ಕೇಳಲು ಸಂಕೋಚ, ಆದರೂ ಕೇಳುತ್ತಿದ್ದೇನೆ.
— ಇಳಕಲ್ಲ

ಸಂಕೋಚ ಬೇಡ ತಾಯಿ, ಇದನ್ನು ಕೇಳದೆ ಹೋಗಿ ದಿನವಿಡೀ ನೀರು ಕುಡಿಯದೆ ಕೂತು ಜ್ವರ ತರಿಸಿಕೊಂಡವರು ಬಹಳ. ದೊಡ್ಡ ದೋಣಿಯಲ್ಲಿ ಹಿಂತುದಿಗೆ ಚಾಪೆ ಮರೆಯ ಜಾಗ ಇರುತ್ತದೆ. ಸಣ್ಣ ದೋಣಿಯಲ್ಲಿ ಏನೂ ಇರುವುದಿಲ್ಲ. ಎರಡು ಗಂಟೆಗೊಮ್ಮೆ ಊರಿರುವ ದಂಡೆಗೆ ನಿಲ್ಲಿಸಬೇಕು ಎಂದು ಬಾಡಿಗೆ ಮಾತಾಡುವಾಗಲೇ ಹೇಳಿ. ಕಾಂಡ್ಲಾ ಕಾಡಿನ ಭಾಗದಲ್ಲಿ ಇಳಿಯಲು ಕೆಸರಷ್ಟೇ ಇರುವುದರಿಂದ, ಆ ದಿನ ಎಲ್ಲೆಲ್ಲಿ ಕಟ್ಟೆ ಇದೆ ಎಂದು ಮೊದಲೇ ಗುರುತು ಮಾಡಿಕೊಳ್ಳಿ. ಮುಚ್ಚಳವಿರುವ ಒಂದು ಬಕೆಟ್ಟು ಮತ್ತು ಮರೆಗೆ ಒಂದು ಹಳೆ ಚಾದರ ಜೊತೆಗಿದ್ದರೆ ಧೈರ್ಯ.

ಸೀರೆ ಊರಲ್ಲಿ ಉಡಿ, ಅಲ್ಲಿಯ ಹೆಂಗಸರು ನಿಮ್ಮ ಇಳಕಲ್ ಸೆರಗನ್ನು ಮುಟ್ಟಿ ನೋಡುತ್ತಾರೆ. ಅವರೂ ಬಣ್ಣ ಅದ್ದಿದ ಬಟ್ಟೆಯ ಕಸುಬಿನವರು. ದೋಣಿಯಲ್ಲಿ ಮಾತ್ರ ಚೂಡಿದಾರ. ದೋಣಿ ಮಗುಚಿದರೆ ಒಂಬತ್ತು ಗಜದ ಸೀರೆ ಕಾಲಿಗೆ ಸುತ್ತಿಕೊಂಡು ಈಜು ಬಲ್ಲವರನ್ನೂ ಮುಳುಗಿಸುತ್ತದೆ. ಮೇಲೆ ಉದ್ದ ತೋಳು, ತಲೆಗೆ ಕಟ್ಟುವಂಥ ಟೋಪಿ, ಕಾಲಿಗೆ ಹಿಂಪಟ್ಟಿಯ ಚಪ್ಪಲಿ. ಡಿಸೆಂಬರ್-ಜನವರಿಯ ನಸುಕಿಗೆ ಒಂದು ಶಾಲು, ಏಕೆಂದರೆ ಉಬ್ಬರ ನಾಲ್ಕು ಗಂಟೆಗೆ ಬಂದರೆ ನೀವೂ ನಾಲ್ಕಕ್ಕೆ ದೋಣಿಯಲ್ಲಿರಬೇಕು.